ಕಾಕು ಅಳೆಯುತ್ತಿದ್ದ ಗೇಣು

ಮೊನ್ನೆ ಬೆಳಿಗ್ಗೆ ಬೀದರಿನ ನಮ್ಮ ಕಾಲೊನಿಯ ಹಿತ್ತಲಲ್ಲಿ ನಿಂತಿದ್ದಾಗ ಸಾಬೂನಿನ ವಾಸನೆ ಬಂತು. ಮನೆಮನೆಯ ಹಸಿ ಕಸದಿಂದ ಗ್ಯಾಸ್ ಮಾಡುವ ತೊಟ್ಟಿಯೊಂದನ್ನು ಅಲ್ಲಿ ಹೊಸದಾಗಿ ಕೂಡಿಸಿದ್ದಾರೆ. ಕಸಕ್ಕೆ ಬೆರೆಸಲು ಎದುರು ಮನೆಯ ಸಂಗಪ್ಪನವರು ಬಟ್ಟೆ ಒಗೆದ ನೀರನ್ನೇ ಬಕೆಟ್ಟಿನಲ್ಲಿ ತಂದಿದ್ದರು. ನೀರು ಉಳಿಸುವ ಒಳ್ಳೆಯ ಬುದ್ಧಿ. ಒಮ್ಮೆ ನನಗೂ ಇದೇ ಬುದ್ಧಿ ಬಂದಿತ್ತು. ಬಂದಿರಲಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ.

ಔರಾದಿನ ಹತ್ತಿರದ ಹಳ್ಳಿಯಲ್ಲಿ ನನ್ನ ಚಿಕ್ಕಪ್ಪನ ಹೆಂಡತಿ, ಶಾಂತಾಬಾಯಿ ಕಾಕು ಇದ್ದಳು. ಅವಳಿಗೆ ಎರಡು ಎಮ್ಮೆ, ಸರ್ಕಾರದ ಅನುದಾನದಲ್ಲಿ ಕಟ್ಟಿಸಿದ ಒಂದು ಗೋಬರ್ ಗ್ಯಾಸಿನ ಗುಂಡಿ. ಗುಂಡಿಯ ಮೇಲೆ ಬೋರಲು ಹಾಕಿದ ಕಬ್ಬಿಣದ ಡ್ರಮ್ಮು. ಗ್ಯಾಸ್ ತುಂಬಿದರೆ ಡ್ರಮ್ಮು ಮೇಲೇಳುತ್ತದೆ, ಒಲೆ ಉರಿದಂತೆ ಇಳಿಯುತ್ತದೆ. ಕಾಕು ಎದ್ದವಳೇ, ದೇವರಿಗೆ ಕೈಮುಗಿಯುವ ಮೊದಲು, ಡ್ರಮ್ಮಿನ ಎತ್ತರವನ್ನು ಗೇಣಿನಿಂದ ಅಳೆಯುತ್ತಿದ್ದಳು. “ಎರಡು ಗೇಣ ಅದ. ರೊಟ್ಟಿ, ಪಲ್ಯ, ಚಹಾ, ಮೂರೂ ಆಗ್ತಾವ.” ಹೊಗೆಯಿಲ್ಲದ ಆ ಅಡುಗೆಮನೆಯ ಗೋಡೆ ಬೆಳ್ಳಗಿತ್ತು. ಗುಂಡಿಯಿಂದ ಹೊರಬಿದ್ದ ರಾಡಿ ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಅನುದಾನದ ಯೋಜನೆಗಳನ್ನೆಲ್ಲ ಅನುಮಾನದಿಂದ ನೋಡುತ್ತಿದ್ದ ನಾನು ಆ ಒಲೆಯ ಮೇಲಿನ ಚಹಾ ಮಾತ್ರ ತಪ್ಪದೆ ಕುಡಿಯುತ್ತಿದ್ದೆ.

ಬರ ಬಿತ್ತು. ಅರ್ಧ ಊರು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಯಿತು. ಕಾಕುವಿನ ಮಗ ಮಾರುತಿಯೂ ಹೆಂಡತಿಯನ್ನು ಕರೆದುಕೊಂಡು ಹೊರಟ.

“ಎಮ್ಮಿ ಮಾರಿ ನೀನೂ ನಡಿ ಯವ್ವಾ. ಇಲ್ಲೇನದ?”

“ಒಲಿ ಅದ. ಅದು ಉರಿಯೂತನಕ ಬರಂಗಿಲ್ಲ. ಆರಿದ ದಿನ ಕರಿ, ಚೀಲ ತಗೊಂಡು ಬರ್ತೇನಿ.”

“ಯುಗಾದಿಗೆ ಬಂದು ನೋಡ್ತೇನಿ,” ಎಂದು ಅವನು ಹೋದ.

ಆಗ ನಾನು ಕಲಬುರ್ಗಿಯಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ಯುಗಾದಿಗೆ ಒಂದು ತಿಂಗಳಿರುವಾಗ ಊರಿಗೆ ಹೋದೆ. ಎರಡು ದಿನಕ್ಕೊಮ್ಮೆ ಬರುವ ಟ್ಯಾಂಕರಿನ ನೀರಿನಲ್ಲಿ ಕಾಕು ಸೆಗಣಿ ಕಲಸುತ್ತಿದ್ದಳು. ಕುಡಿಯುವ ನೀರನ್ನು ಯಾಕೆ ಸುರಿಯುತ್ತೀ, ಬಟ್ಟೆ ಒಗೆದ ನೀರು ಹಾಕು ಎಂದು ಯಾರೋ ಹೇಳಿದರು. “ಓದಿದಾಂವ ನೀ, ನಿನಗೇ ಗೊತ್ತು,” ಎಂದು ಕಾಕು ನಕ್ಕಳು. ಇಷ್ಟು ಬರೆದ ಮೇಲೂ ಆ ‘ಯಾರೋ’ ಎಂಬುದನ್ನು ಹೊಡೆದುಹಾಕಲು ಕೈ ಹಿಂಜರಿಯುತ್ತಿದೆ.

ವಾರದಲ್ಲಿ ಡ್ರಮ್ಮು ಒಂದು ಗೇಣಿಗೆ ಇಳಿಯಿತು, ಆಮೇಲೆ ನಾಲ್ಕು ಬೆರಳಿಗೆ. ಒಂದು ಮುಂಜಾನೆ ರೊಟ್ಟಿ ಹಂಚಿನ ಮೇಲಿರುವಾಗಲೇ ಒಲೆ ಆರಿತು. ಭಾಲ್ಕಿಯಲ್ಲಿ ಇಂಥದೇ ಗುಂಡಿಯಿದ್ದ ನೆಂಟರೊಬ್ಬರು ಕೇಳಿದೊಡನೆ ಹೇಳಿದರು: ಗ್ಯಾಸ್ ಮಾಡುವ ಜೀವಾಣುಗಳನ್ನು ಸಾಬೂನು ಕೊಂದಿದೆ, ಗುಂಡಿ ಅರ್ಧ ಖಾಲಿ ಮಾಡಿ, ನಮ್ಮ ಗುಂಡಿಯ ರಾಡಿ ಒಯ್ದು ಹೆಪ್ಪು ಹಾಕಿದ ಹಾಗೆ ಹಾಕಿ.

ಎರಡು ಡಬ್ಬಿ ರಾಡಿ, ಭಾಲ್ಕಿಯಿಂದ ಔರಾದಿಗೆ ಬಸ್ಸಿನಲ್ಲಿ, ಒಂದಲ್ಲ, ನಾಲ್ಕು ಸಲ. ಈ ಕಥೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ, ಡಬ್ಬಿ ಹೊತ್ತವನು ನಾನೇ ಎಂದು. ಕಂಡಕ್ಟರನ ಮಾತನ್ನೂ ಸೇರಿಸುತ್ತೇನೆ:

“ಡಬ್ಬ್ಯಾಗ ಏನ್ ತಂದೀ ಯವ್ವಾ?”

“ಹೆಪ್ಪರಿ.”

“ಯಾವ ಹೆಪ್ಪು ಹಿಂಗ ನಾರ್ತದ? ಇದಕ್ಕೂ ಟಿಕೀಟ್ ಹರೀತೇನಿ ನೋಡು.”

“ಹರೀರಿ. ಕಿಡಕಿ ಬಾಜೂ ಸೀಟ್ ಕೊಡ್ರಿ ಅದಕ್ಕ.”

ಕೇಳಿದವರೆಲ್ಲ ನಗುತ್ತಾರೆ. ಮೀಸೆ ಬಿಟ್ಟ ಹುಡುಗನನ್ನು ಯಾವ ಕಂಡಕ್ಟರ್ ‘ಯವ್ವಾ’ ಎಂದು ಕರೆಯುತ್ತಾನೆ ಎಂದು ಯಾರೂ ಕೇಳಿಲ್ಲ. ನಾನೂ ಕೇಳಿಕೊಂಡದ್ದು ಮೊನ್ನೆ, ಆ ಬಕೆಟ್ಟಿನ ಮುಂದೆ. ನಾನು ಬಸ್ಸಿನಲ್ಲಿ ಇರಲೇ ಇಲ್ಲ. ಪರೀಕ್ಷೆ ಎಂದು ಕಲಬುರ್ಗಿಗೆ ಹೋಗಿಬಿಟ್ಟಿದ್ದೆ. ಗುಂಡಿ ಖಾಲಿ ಮಾಡಿದವಳು, ಡಬ್ಬಿ ಹೊತ್ತವಳು, ಕಂಡಕ್ಟರನ ಮಾತನ್ನು ಆಮೇಲೆ ನನಗೆ ಹೇಳಿದವಳು ಕಾಕು.

ಯುಗಾದಿಗೆ ಮಾರುತಿ ಬಂದಾಗ ಒಲೆಯ ಮೇಲೆ ಹೋಳಿಗೆ ಬೇಯುತ್ತಿತ್ತಂತೆ. “ಒಂದು ಗೇಣ ಅದ. ಉಂಡು ಹೋಗು,” ಎಂದಳಂತೆ ಕಾಕು. ಸಾಬೂನಿನ ನೀರು ಹಾಕಿದ್ದು ಯಾರು ಎಂದು ಅವನು ಕೇಳಿದ್ದಕ್ಕೆ, “ನಾನೇ ಮರತು ಹಾಕ್ದೆ,” ಎಂದಳಂತೆ. ಮಾರುತಿ ನನಗೆ ಇದನ್ನು ಹೇಳಿದಾಗ ನಾನು ತಲೆಯಾಡಿಸಿದೆ. ಆಮೇಲೆ ಅದನ್ನೇ ನಂಬಿದೆ. ಕಾಕು ಈಗಿಲ್ಲ. ಕೊನೆಯತನಕ ಅವಳು ಹೈದರಾಬಾದಿಗೆ ಹೋಗಲಿಲ್ಲ.

“ಸಂಗಪ್ಪನವರ, ಆ ನೀರು ಬ್ಯಾಡ್ರಿ,” ಎಂದೆ.

“ಯಾಕ್ರಿ ಸರ? ಪುಸ್ತಕದಾಗ ಓದೀರೇನು?”

“ಇಲ್ರಿ. ಹಿಂದ ನಮ್ಮ ಕಾಕುನ ಒಲಿ ಆರಿಸೀನಿ. ನಾನೇ.”

ಅವರು ಬಕೆಟ್ಟಿನ ನೀರನ್ನು ಮೋರಿಗೆ ಚೆಲ್ಲಿದರು. ನಾನು ಮನೆಗೆ ಹೋಗಿ ಅಕ್ಕಿ ತೊಳೆದ ನೀರು ತಂದೆ. ತೊಟ್ಟಿಯ ಉಸ್ತುವಾರಿಗೆ ಜನ ಸಿಗದೆ ಹುಡುಕುತ್ತಿದ್ದರು. ಆ ಕೆಲಸಕ್ಕೆ ನನ್ನ ಹೆಸರನ್ನೇ ಬರೆಸಿದ್ದೇನೆ. ಮುಂಜಾನೆ ಎದ್ದವನೇ ಹೋಗಿ, ಈ ತೊಟ್ಟಿಯ ಮೇಲೂ ಇರುವ ಅಂಥದೇ ಡ್ರಮ್ಮಿನ ಪಕ್ಕ ಕೈ ಇಡುತ್ತೇನೆ. ಇವತ್ತಿಗೆ ಎರಡು ಬೆರಳು ಎದ್ದಿದೆ. ಗೇಣಾಗಲು ಇನ್ನೂ ಬಹಳ ಇದೆ. ನಾಳೆಯೂ ಅಳೆಯುತ್ತೇನೆ.