ಲೇಬಲ್ ಅಂಟಿಸಿದ ಕೈ

ನಿನ್ನೆ ರಾಮನಗರದಲ್ಲಿ ರಕ್ತಪರೀಕ್ಷೆಗೆ ಕೂತಿದ್ದೆ. ರಕ್ತ ತೆಗೆದ ಹುಡುಗಿ ನನ್ನೆದುರಿಗೇ ಟ್ಯೂಬಿಗೆ ಲೇಬಲ್ ಅಂಟಿಸಿ, "ನಿಮ್ ಹೆಸರೇ ತಾನೆ ತಾತ?" ಎಂದು ತೋರಿಸಿದಳು. ನಾನು ಮುಖ ತಿರುಗಿಸಿಕೊಂಡೆ. ಸೂಜಿಗೆ ಹೆದರಿದೆನೆಂದುಕೊಂಡು ಅವಳೇ ಸಮಾಧಾನ ಮಾಡಿದಳು.

ನಿಮಗಾದರೂ ನಿಜ ಹೇಳಬೇಕು. ಎಸ್ಸೆಸ್ಸೆಲ್ಸಿ ಮುಗಿಸಿ, ಕನಕಪುರದ ಕಡೆಯ ಒಂದು ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಅಟೆಂಡರ್ ಆಗಿದ್ದೆ. ಮಾಗಡಿ ಕಡೆಯ ರೋಗಿಗಳು "ಡಾಕ್ಟ್ರೇ" ಅಂದರೆ ತಿದ್ದುತ್ತಿರಲಿಲ್ಲ. ಅಷ್ಟು ದೊಡ್ಡ ಮನುಷ್ಯ. ಸಿಸ್ಟರ್ ತೆಗೆದುಕೊಟ್ಟ ರಕ್ತದ ಟ್ಯೂಬಿಗೆ ಮಂಚದ ಬಳಿಯೇ ಲೇಬಲ್ ಹಾಕದೆ, ಎಲ್ಲವನ್ನೂ ಜೇಬಿಗಿಳಿಸಿ, ಟೀ ಕುಡಿದು, ಒಟ್ಟಿಗೆ ಅಂಟಿಸುವುದು ನನ್ನ ಜಾಣತನ. ಒಂದು ದಿನ ಎರಡು ಅದಲುಬದಲಾದವು. ಮತ್ತೆ ಪರೀಕ್ಷೆ ಮಾಡಿದ್ದರಿಂದ ಯಾರಿಗೂ ಕೇಡಾಗಲಿಲ್ಲ. ದೂರು ಮಾತ್ರ ಲ್ಯಾಬಿನ ಕೆಂಪಯ್ಯನ ತಲೆಗೆ ಬಂತು. ಅವನ ಪಕ್ಕದಲ್ಲೇ ಕೂತು ಮುದ್ದೆ ಉಂಡೆ, ಬಾಯಿ ಬಿಡಲಿಲ್ಲ.

ಆಗ ಸುಮಾ ಮೇಡಂ ಎಂಬ ಎಳೆ ವಯಸ್ಸಿನ ಪ್ರಾಧ್ಯಾಪಕಿ, ಇಂಥ ತಪ್ಪುಗಳನ್ನು ಕಮ್ಮಿ ಮಾಡುವ ಕೆಲಸಕ್ಕೆ ಜೊತೆಯಾಗಿ ಎಂದು ವಿಭಾಗದವರನ್ನೆಲ್ಲ ಕೇಳಿಕೊಂಡು ತಿರುಗುತ್ತಿದ್ದರು. ಯಾರೂ ಬರಲಿಲ್ಲ.

"ಪಾಠ, ಪರೀಕ್ಷೆ, ರೋಗಿಗಳು. ಇದಕ್ಕೆಲ್ಲಿ ಪುರುಸೊತ್ತಮ್ಮಾ? ಈ ಮೀಟಿಂಗಲ್ಲೂ ಯಾರೂ ಒಪ್ಪದಿದ್ರೆ ಬಿಟ್ಬಿಡಿ" ಅಂದರು ವಿಭಾಗದ ಮುಖ್ಯಸ್ಥರು, ವಿದ್ಯಾರ್ಥಿಗಳೂ ಸೇರಿದ್ದ ಮೀಟಿಂಗಿನಲ್ಲಿ.

ನಾನು ಟೀ ತಟ್ಟೆ ಹಿಡಿದು ನಿಂತಿದ್ದೆ. ಮೇಡಂ ಭಾಷಣ ಮಾಡಲಿಲ್ಲ. ವಿದ್ಯಾರ್ಥಿಗಳೆದುರಿಗೇ ಬೋರ್ಡಿನ ಮೇಲೆ ಬರೆದರು: 'ಹೋದ ವಾರ ಒಬ್ಬರ ಮಾತ್ರೆಯನ್ನು ಇನ್ನೊಬ್ಬರ ಚೀಟಿಯಲ್ಲಿ ಬರೆದೆ. ಸಿಸ್ಟರ್ ತಡೆದರು.' ಕೆಳಗೆ ತಮ್ಮ ಹೆಸರು. ಓದಿದವರು ದೊಡ್ಡವರಾಗುವುದೇ ತಪ್ಪು ಮುಚ್ಚಿಟ್ಟು ಎಂದು ನಂಬಿದ್ದ ನಾನು ಆ ಹೆಸರನ್ನು ಎರಡು ಸಲ ಓದಿದೆ. ಆಮೇಲೆ ಮುಖ್ಯಸ್ಥರೇ ಎದ್ದು, ಸೀಮೆಸುಣ್ಣ ತೆಗೆದುಕೊಂಡು ತಮ್ಮದೊಂದು ತಪ್ಪು ಬರೆದರು.

ನಾನು ಟೀ ತಟ್ಟೆಯನ್ನು ಮೇಜಿನ ಮೇಲಿಟ್ಟೆ.

"ಸಾ, ಆ ಲೇಬಲ್ ಅದಲುಬದಲು ಮಾಡಿದ್ದು ನಾನು ಕಣ್ ಸಾ. ಕೆಂಪಯ್ಯಂದೇನೂ ಇಲ್ಲ."

"ಇಷ್ಟು ದಿನ ಬಾಯಲ್ಲೇನು ಇಟ್ಕೊಂಡಿದ್ದೆ ಮಾರಾಯ?" ಅಂದರು ಮುಖ್ಯಸ್ಥರು.

ಮೇಡಂ ಕುರ್ಚಿ ಎಳೆದು ನನ್ನನ್ನು ಕೂರಿಸಿದರು. "ಹೇಗಾಯ್ತು ಹೇಳಣ್ಣಾ. ಅಲ್ಲಿಂದಲೇ ಶುರು ಮಾಡೋಣ."

ಆ ಕೆಲಸಕ್ಕೆ ಮೊದಲು ಕೈಜೋಡಿಸಿದವನು ನಾನೇ ಎಂದು ಊರೆಲ್ಲ ಹೇಳಿಕೊಂಡಿದ್ದೇನೆ. ಹೇಳದೆ ಉಳಿಸಿಕೊಂಡದ್ದು ಇದು: ಅವತ್ತು ಕೆಂಪಯ್ಯ ಮೀಟಿಂಗಿನಲ್ಲಿರಲಿಲ್ಲ, ಆಮೇಲೂ ಅವನ ಮುಖ ನೋಡಿ ನಾನು ತಪ್ಪೊಪ್ಪಿಕೊಳ್ಳಲಿಲ್ಲ.

ನಿನ್ನೆ ರಕ್ತ ಕೊಟ್ಟವನು ಮನೆಗೆ ಹೋಗದೆ, ಕೆಂಪಯ್ಯನ ಊರಾದ ಬೈರಾಪಟ್ಟಣದ ಬಸ್ಸು ಹತ್ತಿದೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಕೆಂಪಯ್ಯ ನಾನು ತಪ್ಪೊಪ್ಪಿಕೊಂಡದ್ದನ್ನು ಪೂರ್ತಿ ಕೇಳಿಸಿಕೊಂಡ.

"ಮೇಡಮ್ಮೋರು ಅವತ್ತೇ ಯೋಳಿದ್ರು ಕಣ್ಲಾ. ನೀನೇ ಬತ್ತೀಯ ಅಂತ ಕಾಯ್ತಿದ್ದೆ. ಒಸಿ ತಡ ಮಾಡ್ಬುಟ್ಟೆ."

ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ತಳ್ಳಿ ಜಾಗ ಬಿಟ್ಟ. ನನಗೆ ಕೂರಲು ಬಹಳ ಹೊತ್ತು ಹಿಡಿಯಿತು.