ಲಿಫ್ಟಿಗೆ ಹೊರಟ ದೊಡ್ಡಮ್ಮನ ಸ್ಟೂಲು

ಬಸವೇಶ್ವರನಗರದ ನಮ್ಮ ಮೂರನೇ ಮಹಡಿಯ ಮನೆಯಿಂದ ದೊಡ್ಡಮ್ಮ ಕೆಳಗಿಳಿಯುವುದನ್ನೇ ಬಿಟ್ಟಿದ್ದರು. ಒಂದು ಸಲ ಕರೆಂಟ್ ಹೋಗಿ ಲಿಫ್ಟಿನಲ್ಲಿ ಒಬ್ಬರೇ ಸಿಕ್ಕಿಹಾಕಿಕೊಂಡಿದ್ದರು. ಅಂಥ ಹೊತ್ತಿಗೆಂದೇ ಲಿಫ್ಟಿಗೆ ಇಟ್ಟಿದ್ದ ಬ್ಯಾಟರಿ ಕೂತಲ್ಲೇ ಸತ್ತುಹೋಗಿದ್ದನ್ನು ಯಾರೂ ನೋಡಿರಲಿಲ್ಲ. ಮೆಟ್ಟಿಲಿಗೆ ಮಂಡಿ ಒಪ್ಪದು, ಲಿಫ್ಟಿಗೆ ಮನಸ್ಸು ಒಪ್ಪದು. ದೀಪಾಂಜಲಿ ನಗರದ ತಂಗಿಯನ್ನು ಫೋನಿನಲ್ಲೇ ನೋಡಿಕೊಂಡು ಸುಮ್ಮನಿದ್ದರು.

ಈಚೆಗೆ ಆ ಬ್ಯಾಟರಿ ತೆಗೆಸಿ ಸೂಪರ್‌ಕೆಪಾಸಿಟರ್ ಹಾಕಿಸಿದೆವು.

"ಅದೇನೇ ಇದರ ಹೆಚ್ಚುಗಾರಿಕೆ?" ಅಂದರು ದೊಡ್ಡಮ್ಮ.

ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ಕೇಳಿದ್ದನ್ನೆಲ್ಲ ಒಪ್ಪಿಸಿದೆ. ಬ್ಯಾಟರಿಯಲ್ಲಿ ರಾಸಾಯನಿಕ ಕ್ರಿಯೆ ನಡೆದೇ ವಿದ್ಯುತ್ ಬರಬೇಕು. ತುಂಬಲು ಹೊತ್ತು ಹಿಡಿಯುತ್ತೆ, ಸವೆತವೂ ಜಾಸ್ತಿ. ಇದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುವ ಇದ್ದಿಲಿನ ಎರಡು ಪದರ, ನಡುವೆ ತೆಳು ಪರದೆ, ಎಲ್ಲ ನೆನೆಯುವಷ್ಟು ದ್ರವ. ಕರೆಂಟ್ ಕೊಟ್ಟರೆ ದ್ರವದಲ್ಲಿರುವ ಪ್ಲಸ್ ಅಯಾನುಗಳು ಒಂದು ಕಡೆ, ಮೈನಸ್ ಅಯಾನುಗಳು ಇನ್ನೊಂದು ಕಡೆ ಹೋಗಿ ಇದ್ದಿಲಿನ ಮೈಗೆ ಅಂಟಿ ಕೂರುತ್ತವೆ, ಅಷ್ಟೇ.

"ಮದುವೇಲಿ ಅಂತರಪಟ ಹಿಡಿದಂಗೆ ಅನ್ನು. ಗಂಡಿನ ಕಡೆಯೋರು ಆ ಕಡೆ, ಹೆಣ್ಣಿನ ಕಡೆಯೋರು ಈ ಕಡೆ."

"ಹೂಂ, ಹಂಗೇ. ಬರೀ ಕೂರೋದು, ಏಳೋದು. ಅದಕ್ಕೇ ಬೇಗ ತುಂಬುತ್ತೆ, ಬೇಗ ಕೊಡುತ್ತೆ, ವರ್ಷಗಟ್ಟಲೆ ಬಾಳುತ್ತೆ. ಆದ್ರೆ ಹಿಡಿಯೋದು ಸ್ವಲ್ಪ. ಕೆಲವು ಊರಲ್ಲಿ ಬಸ್ಸು ಬ್ರೇಕ್ ಹಾಕಿದಾಗ ಹುಟ್ಟೋ ಕರೆಂಟನ್ನ ಇದೇ ಹಿಡ್ಕೊಂಡು, ಹೊರಡೋವಾಗ ವಾಪಸ್ ಕೊಡುತ್ತಂತೆ."

"ಬಸ್ಸಿನ ಮಾತು ಬಿಡು. ನನ್ನನ್ನ ಇಳಿಸುತ್ತಾ?"

"ಕರೆಂಟ್ ಹೋದ್ರೆ ಹತ್ತಿರದ ಮಹಡಿ ತನಕ ಇಳಿಸುತ್ತೆ."

ಭಾನುವಾರ ತಂಗಿಮನೆ ಊಟಕ್ಕೆ ಹೊರಟೇಬಿಟ್ಟರು. ಅವರ ಕೈಯಲ್ಲಿ ನೀರಿನ ಬಾಟ್ಲಿ, ಕೋಡುಬಳೆ ಡಬ್ಬಿ. ನನ್ನ ಕೈಗೆ ಪ್ಲಾಸ್ಟಿಕ್ ಸ್ಟೂಲು.

"ಇದ್ಯಾಕೆ ದೊಡ್ಡಮ್ಮ?"

"ಸಿಕ್ಕಿಹಾಕ್ಕೊಂಡ್ರೆ ನಿಂತ್ಕೊಂಡೇ ಸಾಯ್ಲಾ?"

ಲಿಫ್ಟು ಇಳಿಯಲು ಶುರುಮಾಡಿತ್ತಷ್ಟೇ, ಕರೆಂಟ್ ಹೋಯಿತು. ಕತ್ತಲು. ದೊಡ್ಡಮ್ಮನ ಉಗುರು ನನ್ನ ತೋಳಿಗೆ ನಾಟಿತು. ಅಷ್ಟರಲ್ಲಿ ಲಿಫ್ಟು ಮೆಲ್ಲಗೆ ಅಲುಗಿ, ಇಳಿದು, ಎರಡನೇ ಮಹಡಿಯಲ್ಲಿ ಬಾಗಿಲು ತೆರೆಯಿತು.

ಹೊರಗೆ ಸ್ಟೂಲು ಹಾಕಿ ಕೂರಿಸಿದೆ. ಕರೆಂಟ್ ಬಂತು. ದೊಡ್ಡಮ್ಮ ನಿಧಾನವಾಗಿ ನೀರು ಕುಡಿದು, ಸೆರಗಿನಲ್ಲಿ ಮುಖ ಒರೆಸಿಕೊಂಡರು. ಇನ್ನು ವಾಪಸ್ ಮನೆಗೇ ಅಂತ ನಾನು ಅಂದುಕೊಂಡೆ.

"ಅದು ಮತ್ತೆ ತುಂಬ್ಕೊಳ್ಳೋಕೆ ಎಷ್ಟು ಹೊತ್ತು ಬೇಕೇ?"

"ನೀವು ನೀರು ಕುಡಿಯೋಷ್ಟರಲ್ಲಿ ತುಂಬಿರುತ್ತೆ."

"ಮತ್ತೆ ನಿಂತೇ ಇದೀಯಲ್ಲ! ಅವಳು ಊಟಕ್ಕೆ ಕಾಯ್ತಿರ್ತಾಳೆ," ಅಂತ ಎದ್ದು, ನನಗಿಂತ ಮೊದಲು ಲಿಫ್ಟಿನೊಳಗೆ ಹೋಗಿ ನಿಂತರು.

"ಸ್ಟೂಲು, ದೊಡ್ಡಮ್ಮ?"

"ಅಲ್ಲೇ ಇರ್ಲಿ ಬಿಡು. ಬರ್ತಾ ತಗೊಂಡ್ರಾಯ್ತು."