ಗೋಡೆಯಿಲ್ಲದ ಮನೆಯಲ್ಲಿ ಮಾಲೀಸು
ಸಮೋವಾದ ಆ ಊರಿನಲ್ಲಿ ಮೈಕೈ ನೋವೆಂದರೆ ಫಿಪೆ ಅಜ್ಜಿಯೇ ಗತಿ. ತೆಂಗಿನೆಣ್ಣೆ ಸವರಿದ ಅವಳ ಹೆಬ್ಬೆರಳಿಗೆ ಪಾದ್ರಿಯೂ ಒಂದೇ, ರಗ್ಬಿ ಆಡುವ ಗೂಳಿಯಂಥ ಹುಡುಗನೂ ಒಂದೇ. ಊರಸಭೆಯಲ್ಲಿ ಮುಖಂಡರು ದಿನವಿಡೀ ಚಕ್ಕಳಮಕ್ಕಳ ಹಾಕಿ ಕೂರಬೇಕು. ಕಾಲು ಚಾಚಿದವನ ಮಾನವೂ ಹೋಯಿತು, ಜಾಗವೂ ಹೋಯಿತು. ಹಾಗಾಗಿ ಸಭೆಯ ಹಿಂದಿನ ದಿನ ಮುಖಂಡ ಇಲಾಲಿಯೊ ಕುಂಟುತ್ತ ಹಾಜರು. "ಊರಿನ ಭಾರ ಹೊತ್ತೂ ಹೊತ್ತೂ ತೊಡೆ ಹಿಡ್ಕೊಂಡಿದೆ, ಫಿಪೆ." "ಊರಿನ ಭಾರ ಅಲ್ಲ ಯಜಮಾನ್ರೇ, ಹೊಟ್ಟೇದು! ಮಲ್ಕೊಳ್ಳಿ." ಗಂಟು ಸಿಕ್ಕಿತೆಂದರೆ ಅದು ಬೆಣ್ಣೆಯಾಗುವ ತನಕ ಅವಳು ಬಿಡುವವಳಲ್ಲ, ಯಜಮಾನರು ಎಳೆಗೂಸಿನಂತೆ ಅರಚುತ್ತಾರೆ. ಮನೆಗೋ ಗೋಡೆಗಳೇ ಇಲ್ಲ, ಬರೀ ಕಂಬಗಳು. ಅದಕ್ಕೇ ಫಿಪೆ ಗಂಟಲೆತ್ತಿ ದೇವರ ಹಾಡು ಶುರುಮಾಡುತ್ತಾಳೆ. ಅರಚಾಟ ಜೋರಾದಷ್ಟೂ ಅಕ್ಕಪಕ್ಕದ ಮನೆಯವರೆಲ್ಲ ಕೆಲಸ ಬಿಟ್ಟು ದನಿಗೂಡಿಸುತ್ತಾರೆ. ಮರುದಿನ ಸಭೆಯಲ್ಲಿ ಯಜಮಾನರು ಸಲೀಸಾಗಿ ಕಾಲು ಮಡಚಿ ಕೂತು, "ನಮ್ಮೂರಿನ ಭಕ್ತಿ ದೊಡ್ಡದು" ಎಂದು ಹೊಗಳುತ್ತಾರೆ. ಊರಿಗೆ ಊರೇ ನಗದೆ ತಲೆಯಾಡಿಸುತ್ತದೆ.